ಬೆಂಗಾಲಿ ಮದ್ವೆ ಶಾಸ್ತ್ರಗಳ ಬಗ್ಗೆ ಗೊತ್ತಿರೋರು ಸ್ವಲ್ಪ ಬಿಡಿಸಿ ಹೇಳ್ತೀರಾ? ಮಗಳ ಮದ್ವೆ ಕೊಲ್ಕತ್ತಾ ಹುಡುಗನ ಜೊತೆ

ತುಮಕೂರು ಅಮ್ಮ:
ಎಲ್ರಿಗೂ ನಮಸ್ಕಾರ. ಮಗಳು ಬೆಂಗಳೂರಲ್ಲಿ ಕೆಲ್ಸದಲ್ಲಿದಾಳೆ, ಜೊತೇಲಿ ಕೆಲ್ಸ ಮಾಡೋ ಕೊಲ್ಕತ್ತಾ ಹುಡುಗನ್ನ ಮೆಚ್ಕೊಂಡಿದಾಳೆ, ನಮ್ಮೆಜಮಾನ್ರು ಮೊದ್ಲು ಸ್ವಲ್ಪ ಮುಖ ಊದಿಸ್ಕೊಂಡಿದ್ರು, ಈಗ ಅವ್ರೇ ಅಳಿಯನ ಜೊತೆ ಕ್ರಿಕೆಟ್ ಮಾತಾಡ್ಕೊಂಡು ಕೂತಿರ್ತಾರೆ, ಅದಲ್ಲ ವಿಷ್ಯ. ಮೊನ್ನೆ ಬೀಗಿತ್ತಿ ಫೋನ್ ಮಾಡಿ ಅವ್ರ ಕಡೆ ಶಾಸ್ತ್ರದ ಪಟ್ಟಿ ಹೇಳಿದ್ರು, ಅರ್ಧ ಹಿಂದಿ ಅರ್ಧ ಬಂಗಾಳಿ, ನಂಗೆ ಅರ್ಥ ಆಗಿದ್ದು ಕಾಲು ಭಾಗ. ಆಯಿಬುಡೋ ಭಾತ್, ದೋಧಿ ಮಂಗಲ್, ಗಾಯೇ ಹೋಲುದ್, ಬೌ ಭಾತ್ ಅಂದ್ರು, ಮಧ್ಯದಲ್ಲಿ ಕಾಲರಾತ್ರಿ ಅಂತ ಒಂದು ಅಂದ್ರು ನೋಡಿ, ಎದೆ ಝಲ್ ಅಂತು. ಮದ್ವೆ ರಾತ್ರಿ ಹೊತ್ತಂತೆ, ತಾಳಿ ಇಲ್ವಂತೆ, ಗಂಡಿನ ಮನೆಯಿಂದ ಇಡೀ ಮೀನು ಅಲಂಕಾರ ಮಾಡಿ ಕಳಿಸ್ತಾರಂತೆ, ನಾವು ಮನೇಲಿ ಮೊಟ್ಟೆನೂ ಮುಟ್ಟೋರಲ್ಲ. ಯುಗಾದಿ ಆದ ಮೇಲೆ ಒಂದು ಒಳ್ಳೆ ಮುಹೂರ್ತ ಇದೆ ಅಂದ್ರೆ ಆ ತಿಂಗ್ಳು ಆಗೋದೇ ಇಲ್ಲ ಅಂದ್ಬಿಟ್ರು. ಇದೆಲ್ಲ ಹೆಂಗೋ ನಡ್ಯುತ್ತೆ, ಆದ್ರೆ ಕೊನೇಲಿ ಒಂದು ಮಾತು ಹೇಳಿದ್ರು, ಅಮ್ಮಂದಿರು ಮದ್ವೆ ನೋಡಬಾರ್ದಂತೆ. ಇದು ನಿಜಾನಾ? ಒಬ್ಳೇ ಮಗಳು ಕಣ್ರೀ.

ಧಾರವಾಡ ಪೇಢಾ:
ಅಕ್ಕಾರ ಮೊದ್ಲ ಕಂಗ್ರಾಟ್ಸ್. ನಮ್ಮ ಗೆಳ್ಯಾನ ಮದವಿಗೆ ಕೊಲ್ಕತ್ತಾಕ್ಕ ಹೋಗಿದ್ದೆ, ವರಗ ತಲಿ ಮ್ಯಾಲ ಬಿಳಿ ಶಿಖರ ಇಟ್ಟಂಗ ಒಂದು ಟೋಪಿಗಿ ಇಟ್ಟಿದ್ರು, ಅಂವಾ ರಾತ್ರಿ ಪೂರಾ ಕುತ್ತಿಗಿ ಅಳ್ಳಾಡಸ್ದಂಗ ಕುಂತಿದ್ದ. ಊಟ ಮಾತ್ರ ಏನ್ ಹೇಳಲ್ರೀ, ನಾ ಊಟದಾಗ ಮುಳುಗಿದ್ದೆ, ಶಾಸ್ತ್ರ ಏನೂ ನೋಡ್ಲಿಲ್ಲ. ಗೊತ್ತಿದ್ದವ್ರು ಬರ್ತಾರ ತಡೀರಿ.

ಗರಿಯಾಹಾಟ್ ಸೊಸೆ:
ಬಂದೆ ಬಂದೆ. ನಾನು ಶಿವಮೊಗ್ಗದವಳು, ಮದ್ವೆ ಆಗಿರೋದು ದಕ್ಷಿಣ ಕೊಲ್ಕತ್ತಾ ಮನೆಗೆ. ಅಕ್ಕ ನೀವು ಹೆದರ್ಕೋಬೇಡಿ, ಹೆಸರು ಕೇಳೋಕಷ್ಟೇ ಭಯ, ಒಂದೊಂದಾಗಿ ಹೇಳ್ತೀನಿ, ಉದ್ದ ಆಗುತ್ತೆ, ಕಾಫಿ ಇಟ್ಕೊಂಡು ಓದಿ.

ಮೊದ್ಲು ಆಶೀರ್ವಾದ್ ಅಂತ ಮಾಡ್ತಾರೆ, ನಮ್ಮ ನಿಶ್ಚಿತಾರ್ಥದ ಜಾಗದಲ್ಲಿ ಇಟ್ಕೊಳಿ, ಹಿರಿಯರು ತಲೆ ಮೇಲೆ ಭತ್ತ ಮತ್ತೆ ಗರಿಕೆ ಇಟ್ಟು ಹರಸ್ತಾರೆ, ಏನಾದ್ರೂ ಚಿನ್ನ ಕೊಡ್ತಾರೆ. ಆಯಿಬುಡೋ ಭಾತ್ ಅಂದ್ರೆ ಮದ್ವೆಗೆ ಮುಂಚೆ ತವರಲ್ಲಿ ಕನ್ಯೆಯಾಗಿ ಉಣ್ಣೋ ಕೊನೇ ಊಟ, ಹುಡುಗನಿಗೂ ಅವನ ಮನೇಲಿ ಮಾಡ್ತಾರೆ. ಒಂದೇ ದಿನಕ್ಕೆ ಮುಗಿಯಲ್ಲ ಅದು, ಚಿಕ್ಕಮ್ಮ ಒಂದಿನ ಸೋದರತ್ತೆ ಒಂದಿನ ಕರೆದು ತಟ್ಟೆ ಸುತ್ತ ಹತ್ತಾರು ಬಟ್ಲು ಇಟ್ಟು ಉಣ್ಣಿಸ್ತಾರೆ, ಕೊನೇಲಿ ಪಾಯೇಶ್ ಅಂದ್ರೆ ನಮ್ಮ ಅಕ್ಕಿ ಪಾಯಸ ಇರ್ಲೇಬೇಕು. ಇದನ್ನ ನೀವು ಆರಾಮಾಗಿ ಸಸ್ಯಾಹಾರದಲ್ಲೇ ಮಾಡ್ಬೋದು, ಒಬ್ಬಟ್ಟು ಹಾಕಿ ಯಾರು ಬೇಡ ಅಂತಾರೆ.

ಮದ್ವೆ ದಿನ ಸೂರ್ಯ ಹುಟ್ಟೋಕೆ ಮುಂಚೆ ಎಬ್ಬಿಸಿ ಮೊಸರು, ಅವಲಕ್ಕಿ, ಅರಳು, ಸಿಹಿ ತಿನ್ನಿಸ್ತಾರೆ, ಅದೇ ದೋಧಿ ಮಂಗಲ್. ತಿಂದಿದ್ದೇ ಕೊನೆ, ರಾತ್ರಿ ಮದ್ವೆ ಮುಗಿಯೋವರೆಗೂ ಹುಡುಗ ಹುಡುಗಿ ಇಬ್ರಿಗೂ ಉಪವಾಸ, ಹಾಗಾಗಿ ಮಗಳಿಗೆ ನಿದ್ದೆ ಅಂತ ನೆಪ ಹೇಳದೆ ಸರಿಯಾಗಿ ತಿನ್ನು ಅಂತ ಹೇಳಿ. ಈಗೆಲ್ಲ ಜ್ಯೂಸು, ಶರಬತ್ತು ಗುಟ್ಟಾಗಿ ನಡ್ಯುತ್ತೆ. ಹೆಂಗಸ್ರು ಅದೇ ಹೊತ್ತಲ್ಲಿ ಗಂಗೆಗೋ ಕೆರೆಗೋ ಹೋಗಿ ಶಂಖ ಊದ್ಕೊಂಡು ನೀರು ತರ್ತಾರೆ, ನಮ್ಮ ಗಂಗೆ ಪೂಜೆ ಥರಾನೇ.

ಬೆಳಿಗ್ಗೆ ಗಾಯೇ ಹೋಲುದ್, ಅರಿಶಿನ ಹಚ್ಚೋದು. ಇಲ್ಲೊಂದು ವಿಶೇಷ ಇದೆ. ಮೊದ್ಲು ಹುಡುಗನಿಗೆ ಹಚ್ಚಿ, ಅದರಲ್ಲಿ ಉಳಿದ ಅರಿಶಿನಾನ ಹುಡುಗಿ ಮನೆಗೆ ಕಳಿಸ್ತಾರೆ, ಅದನ್ನೇ ಹುಡುಗಿಗೆ ಹಚ್ಚಬೇಕು. ಬರಿಗೈಲಿ ಕಳಿಸಲ್ಲ, ಜೊತೆಗೆ ತತ್ತ್ವ ಅಂತ ತಟ್ಟೆಗಳ ಸಾಲು ಬರುತ್ತೆ, ಸೀರೆ, ಸೋಪು, ಸೆಂಟು, ಮೇಕಪ್ ಸಾಮಾನು, ಸಿಹಿ, ಹಾಗೇ ನಿಮ್ಮ ಎದೆ ಝಲ್ ಅನ್ಸಿದ ಆ ಮೀನು. ದೊಡ್ಡ ರೋಹು ಮೀನಿಗೆ ಸಣ್ಣ ಸೀರೆ ಉಡಿಸಿ, ಮೂಗುತಿ ಹಾಕಿ, ಬಾಯಿಗೆ ವೀಳ್ಯ ಇಟ್ಟು ಕಳಿಸ್ತಾರೆ, ನಿಜವಾಗ್ಲೂ ಮದುವಣಗಿತ್ತಿ ಥರಾನೇ ಇರುತ್ತೆ. ನಮ್ಮನೆಗೆ ಬಂದಾಗ ನಮ್ಮಜ್ಜಿ ದೇವ್ರ ಮನೆ ಬಾಗ್ಲು ಹಾಕ್ಕೊಂಡು ಕೂತಿದ್ರು 😄 ಸಸ್ಯಾಹಾರಿ ಬೀಗ್ರಿದ್ರೆ ಮೀನಿನ ಆಕಾರದ ಸಂದೇಶ್, ಅಂದ್ರೆ ಛೇನಾದ ಸಿಹಿ, ಮಾಡಿಸಿ ಕಳಿಸ್ತಾರೆ, ಅದಕ್ಕೇ ಅಚ್ಚುಗಳಿವೆ, ಮಿಠಾಯಿ ಅಂಗಡಿಗಳಲ್ಲಿ ಹೇಳಿದ್ರೆ ಕೆಜಿಗಟ್ಲೆ ತೂಕದ್ದೂ ಮಾಡಿ ಕೊಡ್ತಾರೆ. ಬೀಗಿತ್ತಿಗೆ ನೇರವಾಗಿ ಹೇಳಿ, ಬೇಜಾರೇನೂ ಮಾಡ್ಕೊಳಲ್ಲ.

ಅಮ್ಮ ನೋಡಬಾರದು ಅನ್ನೋದು ನಿಜ. ಅದನ್ನ ಆಮೇಲೆ ಬರೀತೀನಿ, ಮಗು ಎದ್ದಿದೆ.

ಕುಡ್ಲದ ಬಂಗುಡೆ:
ಮೀನಿಗೆ ಸೀರೆ ಉಡಿಸ್ತಾರೆ ಅಂದ್ರೆ ಅದು ನಿಜವಾದ ಮರ್ಯಾದೆ ಮಾರ್ರೆ. ನಾವು ಇಷ್ಟೆಲ್ಲ ಮೀನು ತಿಂತೇವೆ ಆದ್ರೆ ಮದುವೆ ಶಾಸ್ತ್ರದಲ್ಲಿ ಒಂದು ಬಂಗುಡೆಗೂ ಜಾಗ ಕೊಟ್ಟದ್ದಿಲ್ಲ. ಆದ್ರೆ ಅವ್ರದ್ದು ನದಿ ಕೆರೆ ಮೀನು ಅಲ್ವಾ, ಮುಳ್ಳು ಜಾಸ್ತಿ, ನಮ್ಗೆ ಸಮುದ್ರದ್ದೇ ಆಗ್ಬೇಕು.

ಬೆಳ್ಳಂದೂರು ಬಾಬು:
ನಾನು ಬೆಂಗಾಲಿ, ಹುಟ್ಟಿ ಬೆಳ್ದಿದ್ದು ಬೆಂಗಳೂರಲ್ಲೇ, ಕನ್ನಡ ಟೈಪಿಂಗ್ ತಪ್ಪಿದ್ರೆ ಬೈಬೇಡಿ. ಆಂಟಿ, ಒಂದು ಮುಖ್ಯ ಪ್ರಶ್ನೆ, ಹುಡುಗನ ಮನೆಯವ್ರು ಘೋಟಿನಾ ಬಾಂಗಾಲ್ ಆ? ಘೋಟಿ ಅಂದ್ರೆ ಮೊದ್ಲಿಂದ ಪಶ್ಚಿಮ ಬಂಗಾಳದೋರು, ಬಾಂಗಾಲ್ ಅಂದ್ರೆ ಪೂರ್ವ ಬಂಗಾಳ, ಅಂದ್ರೆ ಈಗಿನ ಬಾಂಗ್ಲಾದೇಶದ ಕಡೆ ಮೂಲದೋರು, ಎಷ್ಟೋ ಜನ ದೇಶ ವಿಭಜನೆ ಹೊತ್ತಲ್ಲಿ ಬಂದೋರು. ಫುಟ್‌ಬಾಲಲ್ಲಿ ಘೋಟಿ ಮೋಹನ್ ಬಗಾನ್ ಕಡೆ, ನಾವು ಈಸ್ಟ್ ಬೆಂಗಾಲ್, ಅವ್ರು ಸೀಗಡಿ ಹೆಚ್ಚು ಅಂತಾರೆ ನಾವು ಇಲೀಶ್ ಮೀನು ಅಂತೀವಿ. ನಗಬೇಡಿ, ಮದ್ವೇಲೂ ವ್ಯತ್ಯಾಸ ಇದೆ. ಮೇಲೆ ಅಕ್ಕ ಹೇಳಿದ್ದು ಸುಮಾರಾಗಿ ಎಲ್ಲ ಕಡೆ ಇದೆ, ಆದ್ರೆ ನಮ್ಮನೆ ಥರದ ಎಷ್ಟೋ ಬಾಂಗಾಲ್ ಮನೆಗಳಲ್ಲಿ ರಾತ್ರಿ ಮದ್ವೆ ಅರ್ಧ ಮಾತ್ರ, ಮಾರನೇ ದಿನ ಬೆಳಿಗ್ಗೆ ಬಾಸಿ ಬಿಯೇ ಅಂತ ಇನ್ನೊಂದು ಭಾಗ ಇರುತ್ತೆ, ಸೂರ್ಯನಿಗೆ ಪೂಜೆ ಮಾಡಿ ಸಿಂಧೂರ ಹಾಕೋದು ಆಗ. ಘೋಟಿ ಮನೇಲಿ ಸಿಂಧೂರ ರಾತ್ರೀನೇ ಆಗೋಗುತ್ತೆ. ನೀವು ಮಂಟಪ ಒಂದೇ ರಾತ್ರಿಗೆ ಬುಕ್ ಮಾಡಿದ್ರೆ ಬೆಳಿಗ್ಗೆ ಒಂಬತ್ತಕ್ಕೆ ಖಾಲಿ ಮಾಡಿ ಅಂತಾರೆ, ಅದಕ್ಕೇ ಕೇಳಿದ್ದು.

ತುಮಕೂರು ಅಮ್ಮ:
ಅಯ್ಯೋ ಇದು ಗೊತ್ತೇ ಇರ್ಲಿಲ್ಲ, ಛತ್ರ ಬುಕ್ ಮಾಡೋಕೆ ನಮ್ಮನೆಯವ್ರು ಅಡ್ವಾನ್ಸ್ ಜೇಬಲ್ಲಿಟ್ಕೊಂಡು ಓಡಾಡ್ತಿದಾರೆ. ಕೇಳ್ತೀನಿ. ತಿಂಗಳ ವಿಷ್ಯ ಯಾರಾದ್ರೂ ಹೇಳಿ, ಯುಗಾದಿ ಆದ್ಮೇಲೆ ನಮ್ಮಲ್ಲಿ ಮದ್ವೆ ಸೀಸನ್ನು, ಅವ್ರಿಗೆ ಯಾಕಾಗಲ್ಲ?

ಪುರೋಹಿತರ ಮಗ, ಮೈಸೂರು:
ಅಮ್ಮಾ, ಅದು ಪಂಚಾಂಗದ ವ್ಯತ್ಯಾಸ. ನಮ್ಮದು ಚಾಂದ್ರಮಾನ, ಅವ್ರದ್ದು ಸೌರಮಾನ. ಹೆಸರು ಒಂದೇ ಆದ್ರೂ ತಿಂಗಳು ಒಂದೇ ಅಲ್ಲ. ಬಂಗಾಳಿ ಚೈತ್ರ ಅಂದ್ರೆ ಮಾರ್ಚ್ ಮಧ್ಯದಿಂದ ಏಪ್ರಿಲ್ ಮಧ್ಯದವರೆಗೆ, ಅದು ಅವ್ರಿಗೆ ವರ್ಷದ ಕೊನೇ ತಿಂಗಳು, ಮದುವೆ ಮಾಡಲ್ಲ. ನಮ್ಮ ಯುಗಾದಿ ಸಾಮಾನ್ಯವಾಗಿ ಅದರೊಳಗೇ ಬೀಳುತ್ತೆ. ಏಪ್ರಿಲ್ 15ರ ಸುಮಾರಿಗೆ ಅವ್ರ ವೈಶಾಖ ಶುರುವಾದ್ರೆ ಇಬ್ಬರಿಗೂ ಸರಿ. ಪೌಷ ಮಾಸದಲ್ಲೂ ಅವ್ರು ಮಾಡಲ್ಲ, ಅದು ಡಿಸೆಂಬರ್ ಮಧ್ಯದಿಂದ ಸಂಕ್ರಾಂತಿವರೆಗೆ, ಲೆಕ್ಕ ಹಾಕಿದ್ರೆ ನಮ್ಮ ಧನುರ್ಮಾಸವೇ. ಭಾದ್ರ, ಆಶ್ವಿನ, ಕಾರ್ತಿಕಗಳೂ ಅವ್ರಿಗೆ ವರ್ಜ್ಯ. ಆದ್ರೆ ಆಷಾಢದಲ್ಲಿ ಅವ್ರು ಧಾರಾಳವಾಗಿ ಮಾಡ್ತಾರೆ, ಅಲ್ಲಿ ನಿಮ್ಮ ಮನೆಯವ್ರು ಒಪ್ಪಲ್ಲ. ಅಲ್ಲಿಗೆ ಸಂಕ್ರಾಂತಿ ಆದ್ಮೇಲಿಂದ ಮಾರ್ಚ್ ಮಧ್ಯದೊಳಗೆ, ಇಲ್ಲಾಂದ್ರೆ ಏಪ್ರಿಲ್ ಕೊನೆಯಿಂದ ಜೂನ್ ಮೊದಲ ವಾರದೊಳಗೆ ಹುಡುಕಿ. ಅವ್ರಲ್ಲೂ ಗುಪ್ತಾ ಪ್ರೆಸ್ ಪಂಜಿಕಾ, ವಿಶುದ್ಧ ಸಿದ್ಧಾಂತ ಪಂಜಿಕಾ ಅಂತ ಬೇರೆ ಬೇರೆ ಇವೆ, ಯಾವ್ದು ನೋಡ್ತಾರೆ ಅಂತ ಮೊದಲೇ ಕೇಳಿ, ನಮ್ಮಲ್ಲಿ ಎರಡು ಮಠದ ಪಂಚಾಂಗ ಇಟ್ಕೊಂಡು ಜಗಳ ಆಡೋ ಹಾಗೆ ಅಲ್ಲೂ ಆಗುತ್ತೆ.

ಗರಿಯಾಹಾಟ್ ಸೊಸೆ:
ಮಗು ಮಲಗ್ತು. ರಾತ್ರಿ ಮದ್ವೆ ಕಥೆ ಹೇಳ್ತೀನಿ, ಇದೇ ನೋಡೋಕೆ ಚೆಂದ ಇರೋ ಭಾಗ.

ಹುಡುಗ ಬರೋದು ಸಂಜೆ, ಹುಡುಗಿ ಕಡೆಯಿಂದ ಒಬ್ರು ಹೋಗಿ ಕರ್ಕೊಂಡು ಬರ್ಬೇಕು. ಹೊರಡುವಾಗ ಹಳೇ ಕಾಲದಲ್ಲಿ ಅವನು ಅಮ್ಮನಿಗೆ ನಿಂಗೊಬ್ಬ ದಾಸಿ ತರೋಕೆ ಹೋಗ್ತಿದೀನಿ ಅಂತ ಹೇಳ್ಬೇಕಿತ್ತು, ನಮ್ಮೆಜಮಾನ್ರು ಅದನ್ನ ಹೇಳಲ್ಲ ಅಂದ್ರು, ನಮ್ಮತ್ತೆ ಹೇಳ್ಬೇಡ ಅಂತಾನೇ ಅಂದ್ರು. ಬಾಗ್ಲಲ್ಲಿ ಹುಡುಗಿ ತಂಗಿಯರು ಅಡ್ಡ ನಿಂತು ದುಡ್ಡು ಕೇಳ್ತಾರೆ, ಅದು ನಮ್ಮಲ್ಲೂ ಇದೆ. ಧಾರವಾಡದ ಅಣ್ಣ ಹೇಳಿದ ಆ ಬಿಳಿ ಶಿಖರದ ಹೆಸ್ರು ಟೋಪೋರ್, ಶೋಲಾ ಅಂತ ಜೌಗಲ್ಲಿ ಬೆಳೆಯೋ ಗಿಡದ ತಿರುಳಿಂದ ಮಾಡೋದು, ಮಾಲಾಕಾರ್ ಅನ್ನೋ ಸಮುದಾಯದವ್ರ ಕಸುಬು. ಹತ್ತಿಗಿಂತ ಹಗುರ, ಆದ್ರೆ ಕೈ ತಗುಲಿದ್ರೆ ಮುರಿಯುತ್ತೆ, ಮುರಿದ್ರೆ ಅಪಶಕುನ ಅಂತಾರೆ, ಅದಕ್ಕೇ ಹುಡುಗ ಕುತ್ತಿಗೆ ಅಳ್ಳಾಡಿಸ್ದೆ ಕೂತಿರ್ತಾನೆ. ಹುಡುಗಿಗೂ ಅದೇ ಶೋಲಾದ ಮುಕುಟ, ಕೆಂಪು ಬನಾರಸಿ ಸೀರೆ, ಹಣೆ ತುಂಬ ಚಂದನದ ಚುಕ್ಕಿ.

ಆಮೇಲೆ ಸಾತ್ ಪಾಕ್. ಹುಡುಗಿ ಮಣೆ ಮೇಲೆ ಕೂತಿರ್ತಾಳೆ, ಎರಡು ವೀಳ್ಯದೆಲೆ ಮುಖಕ್ಕೆ ಅಡ್ಡ ಹಿಡ್ಕೊಂಡು, ಅಣ್ಣ ತಮ್ಮಂದಿರು ಮಣೆ ಸಮೇತ ಎತ್ತಿ ಹುಡುಗನ ಸುತ್ತ ಏಳು ಸುತ್ತು ತರ್ತಾರೆ. ಏಳನೇ ಸುತ್ತಾದ್ಮೇಲೆ ಎಲೆ ತೆಗೆದು ಒಬ್ರನ್ನೊಬ್ರು ನೋಡೋದು, ಅದು ಶುಭೋ ದೃಷ್ಟಿ. ನಮ್ಮ ಅಂತರಪಟ ಸರಿಸೋದು ಇದೆಯಲ್ಲ, ಅದೇ ಘಳಿಗೆ, ಪಟದ ಬದ್ಲು ಎಲೆ ಅಷ್ಟೇ. ಆಮೇಲೆ ಹಾರ ಬದಲಾಯಿಸೋದು, ಅಷ್ಟೊತ್ತೂ ಶಂಖ ಊದ್ತಾನೇ ಇರ್ತಾರೆ, ಹೆಂಗಸ್ರು ನಾಲಿಗೆ ಆಡಿಸಿ ಉಲು ಹಾಕ್ತಾರೆ, ಮೊದಲ ಸಲ ಕೇಳಿದಾಗ ನಮ್ಮಪ್ಪ ಯಾರಿಗೋ ಏನೋ ಆಯ್ತು ಅಂತ ಎದ್ದು ನಿಂತಿದ್ರು.

ಆಮೇಲೆ ಸಂಪ್ರದಾನ್ ಅಂದ್ರೆ ಕನ್ಯಾದಾನ, ಹೋಮ, ಅರಳು ಹಾಕೋದು, ಸಪ್ತಪದಿ, ಎಲ್ಲ ನಮಗೆ ಗೊತ್ತಿರೋದೇ. ಕೊನೇಲಿ ಸಿಂಧೂರ ದಾನ್, ಉಂಗುರದಿಂದಲೋ ನಾಣ್ಯದಿಂದಲೋ ಬೈತಲೆಗೆ ಹಚ್ಚಿದ ತಕ್ಷಣ ಗಂಡಿನ ಮನೆಯ ಹೊಸ ಸೀರೆ ತಲೆ ಮೇಲೆ ಹೊದಿಸ್ತಾರೆ. ತಾಳಿ ಇಲ್ಲ ನಿಜ, ಆದ್ರೆ ಶಾಂಖಾ ಪೋಲಾ ಇದೆ, ಶಂಖದ ಬಿಳಿ ಬಳೆ, ಹವಳದ ಕೆಂಪು ಬಳೆ, ಜೊತೆಗೊಂದು ಕಬ್ಬಿಣದ ಬಳೆ, ಅದಕ್ಕೆ ಚಿನ್ನ ಕಟ್ಟಿಸ್ತಾರೆ. ನಮ್ಮಲ್ಲಿ ತಾಳಿಗೆ ಎಷ್ಟು ಬೆಲೆಯೋ ಅಲ್ಲಿ ಅದಕ್ಕೆ ಅಷ್ಟು. ನಾನು ಎರಡೂ ಹಾಕ್ಕೊಂಡಿದೀನಿ, ಕೊಲ್ಕತ್ತಾದಲ್ಲಿ ಯಾರೂ ಏನೂ ಅಂದಿಲ್ಲ.

ಅತಿಥಿಗಳು ಇಷ್ಟು ಹೊತ್ತು ಇರಲ್ಲ, ಬಂದ್ರು, ಉಂಡ್ರು, ಹೋದ್ರು. ಹೋಮದ ಹೊತ್ತಿಗೆ ಉಳ್ಯೋದು ಮನೆಯವ್ರು, ಫೋಟೋಗ್ರಾಫರ್ರು. ನಿಮ್ಮ ನೆಂಟ್ರಿಗೆ ಮೊದಲೇ ಹೇಳಿಡಿ, ಇಲ್ಲಾಂದ್ರೆ ಇದೇನು ಯಾರೂ ಮದ್ವೇನೇ ನೋಡ್ತಿಲ್ಲ ಅಂತ ಮಾತಾಗುತ್ತೆ.

ಅಮ್ಮ ನೋಡಬಾರದು ಅನ್ನೋದು. ಗಂಡಿನ ತಾಯಿ ಮದ್ವೆಗೇ ಬರಲ್ಲ, ಮನೇಲಿ ಸೊಸೆಗೆ ಕಾಯ್ತಾ ಇರ್ತಾರೆ. ಹೆಣ್ಣಿನ ತಾಯಿ ಬಾಗ್ಲಲ್ಲಿ ದೀಪ ಹಿಡಿದು ಅಳಿಯನ್ನ ಬರಮಾಡ್ಕೊಳ್ತಾರೆ, ಆಮೇಲೆ ಒಳಗೆ. ಮಕ್ಕಳಿಗೆ ತಾಯಿ ದೃಷ್ಟಿನೇ ತಗುಲುತ್ತೆ ಅನ್ನೋ ನಂಬಿಕೆ. ನಮ್ಮತ್ತೆ ಬರ್ಲಿಲ್ಲ. ನಮ್ಮಮ್ಮ ಮುಂದಿನ ಸಾಲಲ್ಲೇ ಕೂತಿದ್ರು.

ಸುಮ್ನೆ ಓದೋಳು:
ಇಷ್ಟು ದಿನ ಬರೀ ಓದ್ತಿದ್ದೆ, ಇವತ್ತು ಬರೀಲೇಬೇಕು ಅನ್ನಿಸ್ತು. ಹೆತ್ತ ತಾಯಿ ದೃಷ್ಟಿ ತಗುಲುತ್ತಂತೆ! ಗಂಡನ್ನ ಕಳ್ಕೊಂಡ ತಾಯಿ ಆದ್ರೆ ಅಳಿಯನ್ನ ಬರಮಾಡ್ಕೊಳೋಕೂ ಬಿಡಲ್ವಲ್ಲ, ಅದೂ ಹೇಳಿ. ಈಶ್ವರಚಂದ್ರ ವಿದ್ಯಾಸಾಗರ್ ಹೋರಾಡಿ 1856ರಲ್ಲಿ ವಿಧವಾ ವಿವಾಹದ ಕಾಯ್ದೆ ಬಂತು, ಅದೇ ಡಿಸೆಂಬರಲ್ಲಿ ಕೊಲ್ಕತ್ತಾದಲ್ಲೇ ಆ ಕಾಯ್ದೆ ಪ್ರಕಾರ ಮೊದಲ ಮದ್ವೆನೂ ಆಯ್ತು, ಅಂಥಾ ಊರಲ್ಲಿ ಇನ್ನೂ ಇದು.

ಗರಿಯಾಹಾಟ್ ಸೊಸೆ:
ಇದೆ, ಇಲ್ಲ ಅನ್ನಲ್ಲ. ನಮ್ಮಲ್ಲಿ ಮುತ್ತೈದೆಯರೇ ಬೇಕು ಅಂತಾರಲ್ಲ ಹಾಗೇ ಅಲ್ಲಿ ಎಯೋ ಅಂತಾರೆ. ಆದ್ರೆ ಬದ್ಲಾಗ್ತಿರೋದನ್ನೂ ಹೇಳಿ. ಜಾದವ್‌ಪುರ ವಿಶ್ವವಿದ್ಯಾಲಯದಲ್ಲಿ ಸಂಸ್ಕೃತ ಪಾಠ ಮಾಡಿದ ನಂದಿನಿ ಭೌಮಿಕ್ ಅಂತ ಇದಾರೆ, ಅವ್ರು ಮತ್ತೆ ಗೆಳತಿಯರು ಸೇರಿ ಶುಭಮಸ್ತು ಅಂತ ತಂಡ ಕಟ್ಕೊಂಡು ಹೆಂಗಸ್ರೇ ಪುರೋಹಿತರಾಗಿ ಮದ್ವೆ ಮಾಡಿಸ್ತಾರೆ, ಕನ್ಯಾದಾನ ಇಲ್ಲ, ಮಂತ್ರದ ಅರ್ಥ ಹೇಳ್ತಾರೆ, ಮಧ್ಯೆ ರವೀಂದ್ರ ಸಂಗೀತ. ನಮ್ಮ ನಾದಿನಿ ಗೆಳತಿ ಮದ್ವೆ ಹಂಗೇ ಆಗಿದ್ದು, ಬೇಗನೂ ಮುಗೀತು.

ಪುರೋಹಿತರ ಮಗ, ಮೈಸೂರು:
ಒಂದು ಸ್ಪಷ್ಟ ಮಾಡ್ತೀನಿ. ತಾಯಿ ನೋಡಬಾರದು ಅನ್ನೋದು ಹೋಮ, ಮಂತ್ರಕ್ಕೆ ಸಂಬಂಧಪಟ್ಟಿದ್ದಲ್ಲ. ಬಂಗಾಳದಲ್ಲೇ ಇದನ್ನ ಎರಡು ಭಾಗ ಮಾಡ್ತಾರೆ, ಪುರೋಹಿತರು ಮಾಡಿಸೋದು ಒಂದು, ಸ್ತ್ರೀ ಆಚಾರ ಒಂದು. ಮೀನು, ಅರಿಶಿನ, ಉಲು, ನೀರು ತರೋದು, ಬಾಗಿಲಲ್ಲಿ ಬರಮಾಡ್ಕೊಳೋದು ಇವೆಲ್ಲ ಎರಡನೇದು. ಮೊದಲನೇದು ನಮಗೆ ಪೂರ್ತಿ ಪರಿಚಿತ, ನಾಂದಿ ಇದೆ, ಪಾಣಿಗ್ರಹಣ, ಲಾಜಾಹೋಮ, ಅಶ್ಮಾರೋಹಣ, ಸಪ್ತಪದಿ ಎಲ್ಲ ಇದೆ. ಅಲ್ಲಿ ಸಾಮವೇದಿಗಳು ಜಾಸ್ತಿ, ಭವದೇವ ಭಟ್ಟ ಅನ್ನೋ ಹಳೇ ಕಾಲದ ಪಂಡಿತನ ಪದ್ಧತಿ ಹಿಡಿದು ಮಾಡಿಸ್ತಾರೆ, ನಮ್ಮಲ್ಲಿ ಋಗ್ವೇದ, ಯಜುರ್ವೇದದ ಮನೆಗಳು ಜಾಸ್ತಿ, ಮಂತ್ರದ ಕ್ರಮ ಸ್ವಲ್ಪ ಆಚೆ ಈಚೆ. ತಾಳಿ ಕಟ್ಟೋದೂ ಗೃಹ್ಯಸೂತ್ರದಲ್ಲಿ ಹೇಳಿರೋದಲ್ಲ, ಆಮೇಲೆ ಬಂದ ಆಚಾರ, ಹಾಗಾಗಿ ಅವ್ರಲ್ಲಿ ಇಲ್ಲ ಅಂತ ಮದುವೆ ಅಪೂರ್ಣ ಅಂತ ಯಾರಾದ್ರೂ ಅಂದ್ರೆ ಕಿವಿಗೆ ಹಾಕ್ಕೋಬೇಡಿ. ಕಾನೂನಿಗೂ ಅಷ್ಟೇ, 1955ರ ಹಿಂದೂ ವಿವಾಹ ಕಾಯ್ದೆ 7ನೇ ಸೆಕ್ಷನ್ ಎರಡರಲ್ಲಿ ಒಂದು ಪಕ್ಷದ ಸಂಪ್ರದಾಯ ಸಾಕು ಅನ್ನುತ್ತೆ, ಸಪ್ತಪದಿ ಇದ್ರೆ ಏಳನೇ ಹೆಜ್ಜೆಗೆ ಮದುವೆ ಪೂರ್ಣ.

ಇನ್ನು ನಮ್ಮ ಧಾರೆಗೆ ತಂದೆ ಜೊತೆ ತಾಯಿ ಬೇಕೇ ಬೇಕು, ನೀರು ಬಿಡೋದೇ ಅವ್ರ ಕೈ. ಬೆಳಿಗ್ಗೆ ನಮ್ಮ ಕ್ರಮದಲ್ಲಿ ಧಾರೆ, ಸಂಜೆ ಅವ್ರ ಕ್ರಮ ಅಂತ ಇಟ್ಕೊಂಡ್ರೆ ಇಬ್ಬರಿಗೂ ತೃಪ್ತಿ. ಧಾರೆ ಒಮ್ಮೆ ಎರೆದ್ಮೇಲೆ ಸಂಜೆ ಮತ್ತೆ ಸಂಪ್ರದಾನ ಬೇಡ, ಎರಡು ಸಲ ದಾನ ಕೊಡೋಕಾಗಲ್ಲ, ಅವ್ರ ಪುರೋಹಿತರ ಜೊತೆ ಫೋನಲ್ಲಿ ಮಾತಾಡಿ ಸಾತ್ ಪಾಕ್, ಶುಭದೃಷ್ಟಿ, ಸಿಂಧೂರ ಅಷ್ಟು ಸಂಜೆಗೆ ಇಟ್ಕೊಳಿ.

ಸುಮ್ನೆ ಓದೋಳು:
ದಾನ ಕೊಡೋಕೆ ಅವಳೇನು ವಸ್ತುನಾ ಅಂತ ಕೇಳೋಣ ಅಂದ್ಕೊಂಡೆ, ಬೇಡ, ಇವತ್ತು ಆ ಜಗಳ ಬೇಡ. ಸಂಜೆ ಬರೀ ಸ್ತ್ರೀ ಆಚಾರ ಇಟ್ಕೊಳೋದು ಒಳ್ಳೆ ಐಡಿಯಾ.

ಧಾರವಾಡ ಪೇಢಾ:
ಏಳು ಸುತ್ತು ಎತ್ತಿ ತಿರಗೂದು ಅಂದ್ರ ಅಣ್ಣತಮ್ಮಂದ್ರಿಗೆ ಈಗಿಂದ ತಾಲೀಮು ಸುರು ಮಾಡಸ್ರಿ ಅಕ್ಕಾರ. ಅಲ್ರೀ ಕಾಲರಾತ್ರಿ ಯಾರೂ ಹೇಳ್ಳೇ ಇಲ್ಲಲ್ಲ?

ಬೆಳ್ಳಂದೂರು ಬಾಬು:
ಹೇಳ್ತೀನಿ. ಮದ್ವೆ ಆದ ಮಾರನೇ ದಿನ ಹುಡುಗಿ ಗಂಡನ ಮನೆಗೆ ಹೋಗ್ತಾಳೆ, ಆ ರಾತ್ರಿ ಗಂಡ ಹೆಂಡ್ತಿ ಒಬ್ರ ಮುಖ ಒಬ್ರು ನೋಡಬಾರ್ದು, ಅಷ್ಟೇ ಕಾಲರಾತ್ರಿ. ಹುಡುಗಿ ಅತ್ತೆ ಜೊತೆಗೋ ನಾದಿನಿ ಜೊತೆಗೋ ಮಲಗ್ತಾಳೆ. ಇದಕ್ಕೆ ಮನಸಾ ಮಂಗಲ ಅನ್ನೋ ಹಳೇ ಬಂಗಾಳಿ ಕಾವ್ಯದ ಬೇಹುಲಾ ಲಖಿಂದರ್ ಕಥೆ ಹೇಳ್ತಾರೆ, ಚಾಂದ್ ಸೌದಾಗರ್ ಅನ್ನೋ ವ್ಯಾಪಾರಿ ಹಾವಿನ ದೇವತೆ ಮನಸಾಳನ್ನ ಪೂಜೆ ಮಾಡಲ್ಲ ಅಂತಾನೆ, ಮಗ ಲಖಿಂದರ್‌ಗೆ ಮದ್ವೆ ರಾತ್ರಿ ಏನೂ ಆಗಬಾರ್ದು ಅಂತ ಕಬ್ಬಿಣದ ಕೋಣೆ ಕಟ್ಟಿಸ್ತಾನೆ, ಆದ್ರೂ ಸಣ್ಣ ತೂತಲ್ಲಿ ಹಾವು ಬಂದು ಕಚ್ಚುತ್ತೆ, ಬೇಹುಲಾ ಗಂಡನ ಹೆಣ ತೆಪ್ಪದಲ್ಲಿ ಹಾಕ್ಕೊಂಡು ದೇವಲೋಕಕ್ಕೆ ಹೋಗಿ ಜೀವ ವಾಪಸ್ ತರ್ತಾಳೆ. ಸಾವಿತ್ರಿ ಕಥೆ ಥರ, ಆದ್ರೆ ನಮಗೆ ಬೇಹುಲಾ ಮನೆ ಹುಡುಗಿ ಇದ್ದಂಗೆ. ಈಗ ಇಬ್ರೂ ಬೇರೆ ಬೇರೆ ರೂಮಲ್ಲಿ ಕೂತು ರಾತ್ರಿಯಿಡೀ ಚಾಟ್ ಮಾಡ್ತಾರೆ, ಅದಕ್ಕೆ ನಿಷೇಧ ಇಲ್ಲ 😁

ಆ ಮನೆಗೆ ಕಾಲಿಡುವಾಗ ಹಾಲಿಗೆ ಆಲ್ತಾ ಅನ್ನೋ ಕೆಂಪು ಬಣ್ಣ ಸೇರಿಸಿದ ತಟ್ಟೇಲಿ ಪಾದ ಅದ್ದಿ ಬಿಳಿ ಬಟ್ಟೆ ಮೇಲೆ ಹೆಜ್ಜೆ ಇಡಿಸ್ತಾರೆ, ಒಲೆ ಮೇಲೆ ಹಾಲು ಉಕ್ಕೋದನ್ನ ತೋರಿಸ್ತಾರೆ. ಕೆಲವು ಮನೆಗಳಲ್ಲಿ ಕೈಗೆ ಜೀವಂತ ಮೀನು ಕೊಡ್ತಾರೆ. ಆಂಟಿ ಅದನ್ನ ಮೊದಲೇ ಮಾತಾಡ್ಕೊಳಿ.

ತುಮಕೂರು ಅಮ್ಮ:
ಜೀವಂತ ಮೀನಾ! ನನ್ ಮಗಳು ಜಿರಲೆ ನೋಡಿದ್ರೆ ಮಂಚ ಹತ್ತೋಳು. ನಮ್ಮಲ್ಲಿ ಅಕ್ಕಿ ಸೇರು ಒದ್ದು ಒಳಗೆ ಬರ್ತೀವಿ, ಅಷ್ಟೇ ಸುಲಭ.

ಢಾಕಾ ರಿಟರ್ನ್:
ಕೆಲ್ಸದ ಮೇಲೆ ಢಾಕಾದಲ್ಲಿದ್ದೆ, ಅಲ್ಲಿ ನಮ್ಮ ಆಫೀಸಿನ ಮುಸ್ಲಿಂ ಹುಡುಗಿಯರ ಮದ್ವೇಲೂ ಗಾಯೇ ಹೋಲುದ್ ಇತ್ತು, ಇತ್ತು ಅಂದ್ರೆ ಸುಮ್ನೆ ಅಲ್ಲ, ನಿಕಾಹ್‌ಗಿಂತ ಅದೇ ದೊಡ್ಡ ಹಬ್ಬ, ಹುಡುಗಿ ಕಡೆ ಒಂದು ದಿನ ಹುಡುಗನ ಕಡೆ ಒಂದು ದಿನ, ಎಲ್ರಿಗೂ ಹಳದಿ ಸೀರೆ, ಚೆಂಡು ಹೂವು, ಹಾಡು, ಡಾನ್ಸು. ಆಮೇಲೆ ಗಂಡಿನ ಮನೆಯವ್ರು ಕೊಡೋ ವಲೀಮಾ ಊಟಕ್ಕೂ ಎಷ್ಟೋ ಜನ ಬೌ ಭಾತ್ ಅಂತಾನೇ ಅಂತಾರೆ. ಧರ್ಮ ಬೇರೆ, ಆಚಾರ ಒಂದೇ ಮಣ್ಣಿಂದು. ಮೀನೂ ಬಂತು ಸ್ವಾಮಿ, ಅಲಂಕಾರ ಮಾಡಿದ್ದು.

ಸುಮ್ನೆ ಓದೋಳು:
ಬೌ ಭಾತಲ್ಲಿ ಗಂಡ ತಟ್ಟೆ ಊಟ, ಸೀರೆ ಕೈಗೆ ಕೊಟ್ಟು ಇವತ್ತಿಂದ ನಿನ್ನ ಅನ್ನ ಬಟ್ಟೆ ಜವಾಬ್ದಾರಿ ನಂದು ಅಂತಾನೆ ಅಲ್ವಾ? ಸಂಬಳ ಅವಳದ್ದೇ ಜಾಸ್ತಿ ಇದ್ರೆ?

ಗರಿಯಾಹಾಟ್ ಸೊಸೆ:
ನಮ್ಮ ಮನೇಲಿ ಅವ್ರು ಕೊಟ್ಟ ಮೇಲೆ ನಾನೂ ಒಂದು ತಟ್ಟೆ ಕೊಟ್ಟೆ, ಇಎಂಐ ನಂದು ಅಂದೆ, ಎಲ್ರೂ ನಕ್ಕರು. ಅದೇ ದಿನ ಹೊಸ ಸೊಸೆ ಹಿರಿಯರ ತಟ್ಟೆಗೆ ತುಪ್ಪ ಅನ್ನ ಬಡಿಸ್ತಾಳೆ, ಸಂಜೆ ದೊಡ್ಡ ಊಟ, ನಮ್ಮ ಬೀಗರೂಟ ರಿಸೆಪ್ಷನ್ ಎರಡೂ ಸೇರಿದ್ದು ಅಂದ್ಕೊಳಿ. ಹೆಣ್ಣಿನ ಕಡೆಯಿಂದ ಹೂವು, ತತ್ತ್ವ ಹೋಗುತ್ತೆ. ಆ ರಾತ್ರಿ ಫೂಲ್ ಶೊಜ್ಜಾ, ಹೂವಿನ ಹಾಸಿಗೆ ಅಂತ, ನಮ್ಮ ಮೊದಲ ರಾತ್ರಿ. ಎಂಟನೇ ದಿನದ ಸುಮಾರಿಗೆ ಜೋಡಿ ತವರಿಗೆ ಬರುತ್ತೆ, ಕೈಗೆ ಕಟ್ಟಿದ ದಾರ ಬಿಚ್ಚೋದು ಆಗ. ಆಮೇಲೆ ಜ್ಯೇಷ್ಠದಲ್ಲಿ ಜಾಮಾಯಿ ಷಷ್ಠಿ ಇದೆ, ಅಳಿಯನ್ನ ಕೂರಿಸಿ ತಿನ್ನಿಸೋ ಹಬ್ಬ, ಅದು ವರ್ಷಾ ವರ್ಷಾ ಬರುತ್ತೆ, ಅಕ್ಕ ಬಜೆಟ್ ಇಟ್ಕೊಳಿ.

ನಿಮ್ಮ ಕಡೆ ಊಟ ಪೂರ್ತಿ ಸಸ್ಯಾಹಾರ ಇದ್ರೂ ಪರ್ವಾಗಿಲ್ಲ, ಮದ್ವೆ ಊಟ ಹೆಣ್ಣಿನ ಮನೆ, ಬೌ ಭಾತ್ ಗಂಡಿನ ಮನೆ, ಮೀನು ಮಟನ್ ಅಲ್ಲಿ ಆಗುತ್ತೆ. ಸಂಜೆಗೆ ಲುಚಿ, ಛೋಲಾರ್ ಡಾಲ್, ಬದನೆಕಾಯಿ ಭಾಜಾ, ಧೋಕಾರ್ ಡಾಲ್ನಾ, ಬಾಳೆ ಹೂವಿನ ಮೋಚಾರ್ ಘೊಂಟೊ ಮಾಡಿಸಿ, ಕಣ್ಣಲ್ಲಿ ನೀರು ಹಾಕ್ತಾರೆ ಖುಷಿಗೆ. ಟೊಮೆಟೊ ಖರ್ಜೂರದ ಸಿಹಿ ಚಟ್ನಿ ಹಪ್ಪಳ ಊಟದ ಕೊನೇಲಿ ಬರ್ಬೇಕು, ಸಿಹಿಗೆ ಮುಂಚೆ. ನಮ್ಮೋರು ಅದನ್ನ ಎಲೆ ತುದಿಗೆ ಮೊದಲೇ ಬಡಿಸಿಬಿಡ್ತಾರೆ, ಕಾಂಟ್ರಾಕ್ಟರಿಗೆ ಹೇಳಿ.

ಕುಡ್ಲದ ಬಂಗುಡೆ:
ಬೌ ಭಾತಿಗೆ ಈ ಥ್ರೆಡ್‌ನವರಿಗೆಲ್ಲ ಕರೆಯೋಲೆ ಉಂಟಾ?

ತುಮಕೂರು ಅಮ್ಮ:
ಬನ್ನಿ ಬನ್ನಿ. ಈಗ ಇನ್ನೊಂದು. ನಿನ್ನೆ ಮಗಳು ಒಂದು ವಿಡಿಯೋ ತೋರಿಸಿದ್ಳು, ಹುಡುಗಿ ಹೊರಡುವಾಗ ಹಿಂದೆ ತಿರುಗ್ದೆ ತಲೆ ಮೇಲಿಂದ ಅಕ್ಕಿ ಎಸೀತಾಳೆ, ಅಮ್ಮ ಸೆರಗೊಡ್ಡಿ ಹಿಡಿತಾರೆ, ನಿಮ್ಮ ಋಣ ತೀರಿಸ್ದೆ ಅಂತಾಳೆ. ನೋಡಿದಾಗಿಂದ ಊಟ ಸೇರ್ತಿಲ್ಲ. ಮಗಳೂ ಅಮ್ಮ ನಾನು ಇದನ್ನ ಹೇಳಲ್ಲ ಅಂತಾಳೆ, ಬೀಗ್ರು ಬೇಜಾರು ಮಾಡ್ಕೊಂಡ್ರೆ?

ಗರಿಯಾಹಾಟ್ ಸೊಸೆ:
ಕನಕಾಂಜಲಿ ಅದು. ನಾನು ಮಾಡ್ದೆ, ಮಾತು ಮಾತ್ರ ಬಾಯಿಂದ ಬರ್ಲಿಲ್ಲ, ಸುಮ್ನೆ ಎಸೆದೆ. ನಮ್ಮತ್ತೆ ಹೇಳೋ ಪ್ರಕಾರ ತವರು ತುಂಬಿರ್ಲಿ ಅಂತ ಹರಸಿ ಹೋಗೋದು, ಋಣದ ಮಾತು ಸೇರ್ಕೊಂಡಿದ್ದು ಅಂತಾರೆ, ಇರ್ಬೋದು. ಕೊಲ್ಕತ್ತಾದಲ್ಲೇ ಈಗ ಎಷ್ಟೋ ಹುಡುಗಿಯರು ಮಾಡಲ್ಲ, ಮಾಡಿದ್ರೂ ಆ ಮಾತು ಹೇಳಲ್ಲ. ಬಾಬು ಅವ್ರೇ ನಿಮ್ಮನೇಲಿ?

ಬೆಳ್ಳಂದೂರು ಬಾಬು:
ನನ್ನ ತಂಗಿ ಅಕ್ಕಿ ಎಸೆದು ಋಣ ಜಾಸ್ತಿ ಆಯ್ತು ಅಂದ್ಳು. ಅಮ್ಮ ಬಿದ್ದು ಬಿದ್ದು ಅತ್ರು. ಯಾರೂ ಬೇಜಾರಾಗ್ಲಿಲ್ಲ.

ಧಾರವಾಡ ಪೇಢಾ:
ನಮ್ಮ ಮನಿಯಾಕಿ ಓದಿ ಹೇಳಾಕತ್ಯಾಳ್ರಿ, ನಮ್ಮ ಕಡೆ ತಾಯಿ ಮಗಳಿಗೆ ಉಡಿ ತುಂಬಿ ಕಳಸ್ತಾಳ, ಅಕ್ಕಿ, ಕೊಬ್ರಿ, ಅರಿಶಿನ ಕೊಂಬು, ಕುಪ್ಪಸ. ಅಲ್ಲಿ ಮಗಳು ಅಕ್ಕಿ ಕೊಟ್ಟು ಹೋಗ್ತಾಳ, ಇಲ್ಲಿ ತಾಯಿ ಕೊಟ್ಟು ಕಳಸ್ತಾಳ. ಎರಡೂ ಮಾಡ್ರಿ ಅಂತಾಳ, ಆಕಿ ಎಸದ ಅಕ್ಕಿನ ನೀವು ಸೆರಗಿನ್ಯಾಗ ಹಿಡದು ಅದನ್ನ ತಿರಗಿ ಆಕಿ ಉಡಿಯಾಗ ಹಾಕ್ರಿ, ಯಾರ ಶಾಸ್ತ್ರನೂ ತಪ್ಪೂದಿಲ್ಲ.

ತುಮಕೂರು ಅಮ್ಮ:
ಅಣ್ಣ ನಿಮ್ಮನೆಯವ್ರಿಗೆ ದೊಡ್ಡ ನಮಸ್ಕಾರ ಹೇಳಿ. ನಮ್ಮಲ್ಲಿ ಮಡಿಲಕ್ಕಿ ಅಂತೀವಿ. ಇದು ನನ್ ತಲೆಗೆ ಹೊಳೆದೇ ಇರ್ಲಿಲ್ಲ.

ಸುಮ್ನೆ ಓದೋಳು:
ಈ ಥ್ರೆಡ್ಡಲ್ಲಿ ನಾನು ಒಪ್ಪೋ ಮೊದಲ ಶಾಸ್ತ್ರ ಇದು.

ಪುರೋಹಿತರ ಮಗ, ಮೈಸೂರು:
ಶಾಸ್ತ್ರ ಅಲ್ಲ ಆಚಾರ, ಆದ್ರೆ ಚೆನ್ನಾಗಿದೆ.

ತುಮಕೂರು ಅಮ್ಮ:
ಈಗಷ್ಟೇ ಬೀಗಿತ್ತಿ ಜೊತೆ ಮಾತಾಡ್ದೆ, ಮಗಳನ್ನ ಪಕ್ಕದಲ್ಲಿ ಕೂರಿಸ್ಕೊಂಡು. ಅವ್ರು ಬಾಂಗಾಲ್ ಅಂತೆ, ಬಾಸಿ ಬಿಯೇ ಇದೆಯಂತೆ, ಹಾಗಾಗಿ ಛತ್ರ ಎರಡು ದಿನಕ್ಕೆ. ಹೆಣ್ಣಿನ ಮನೇಲೇ ಆಗ್ಬೇಕಾದ ಮದ್ವೆ ಅಂತ ಬೆಂಗಳೂರಿಗೆ ಬರೋಕೆ ಅವ್ರೇ ಒಪ್ಪಿದಾರೆ, ಕವಿ ರವೀಂದ್ರನಾಥ ಠಾಕೂರರ ಮದ್ವೆ ಮಾತ್ರ 1883ರಲ್ಲಿ ಗಂಡಿನ ಮನೆ ಜೋರಾಸಾಂಕೋದಲ್ಲೇ ಆಗಿತ್ತು ಅಂತ ನಕ್ಕೊಂಡು ಹೇಳಿದ್ರು. ಬೆಳಿಗ್ಗೆ ಧಾರೆ, ನಾನೇ ನೀರು ಬಿಡ್ತೀನಿ. ಸಂಜೆ ಅವ್ರ ಕ್ರಮ, ಸಿಂಧೂರ ಮಾರನೇ ಬೆಳಿಗ್ಗೆ. ಮೀನು ಸಂದೇಶ್‌ದು. ಮಡಿಲಕ್ಕಿ ವಿಷ್ಯ ಹೇಳಿದ್ದಕ್ಕೆ ಸ್ವಲ್ಪ ಹೊತ್ತು ಸುಮ್ನಿದ್ದು ಆಮೇಲೆ ನಂಗೂ ಮಗಳಿದಾಳೆ, ಅವಳ ಮದ್ವೇಲೂ ಹೀಗೇ ಮಾಡ್ತೀನಿ ಅಂದ್ರು. ಸಂಜೆ ನಾನು ನೋಡ್ಬೋದಾ ಅಂತ ಕೇಳಿದ್ದಕ್ಕೆ ನೀವು ನೋಡೋದಾದ್ರೆ ನಾನೂ ಬರ್ತೀನಿ, ಒಬ್ಳೇ ಕೊಲ್ಕತ್ತಾದಲ್ಲಿ ಕೂತು ಏನ್ ಮಾಡ್ಲಿ ಅಂದ್ರು!! ಆದ್ರೆ ಅವ್ರ ಅತ್ತೆಗೆ ಇನ್ನೂ ಹೇಳಿಲ್ವಂತೆ. ಟೋಪೋರ್ ವಿಮಾನದಲ್ಲಿ ಹೆಂಗೆ ತರೋದು ಅಂತ ಅವ್ರಿಗೇ ಚಿಂತೆ.

ಗರಿಯಾಹಾಟ್ ಸೊಸೆ:
ಲಗೇಜಿಗೆ ಹಾಕಬೇಡಿ ಅನ್ನಿ, ರಟ್ಟಿನ ಡಬ್ಬದಲ್ಲಿ ಸುತ್ತ ಹತ್ತಿ ಇಟ್ಟು ಕೈಯಲ್ಲೇ ತರ್ಲಿ, ಎರಡು ತರ್ಲಿ, ಒಂದು ಮುರಿದ್ರೂ ಇನ್ನೊಂದಿರುತ್ತೆ, ಮುರಿದಿದ್ದನ್ನ ಹುಡುಗನ ಅಜ್ಜಿಗೆ ತೋರಿಸೋದು ಬೇಡ. ಶಾಂಖಾ ಬಳೆ ಅಳತೆನೂ ಈಗಲೇ ಕಳಿಸಿ, ಅದು ಹಿಗ್ಗಲ್ಲ, ನಮ್ಮ ಗಾಜಿನ ಬಳೆಗಿಂತ ಒಂದು ಸೈಜ್ ದೊಡ್ಡದೇ ಹೇಳಿ, ಹಾಕುವಾಗ ಕೈಗೆ ಸೋಪು ನೀರು ಹಚ್ಕೊಳೋಕೆ ಹೇಳಿ.